ಕಾಟುಕುಕ್ಕೆಯ ಸುತ್ತ 10 ಕಿಲೋಮೀಟರ್

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ, ಹಂದಿ ಸಾಕುವವರು ಮತ್ತು ಊರಿನವರ ಮುಂದೆ ಆಫ್ರಿಕನ್ ಹಂದಿ ಜ್ವರದ ಬಗ್ಗೆ ಪಶುವೈದ್ಯನಾಗಿ ನಾನು ಆಡಿದ ಮಾತುಗಳಿವು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಅವತ್ತು ಹೊತ್ತಾಯಿತೆಂದು ಬಿಟ್ಟಿದ್ದ ಒಂದೆರಡು ವಿಷಯವನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಹತ್ತಿರ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿದರು. "ಡಾಕ್ಟ್ರೇ, ಹಂದಿ ಜ್ವರದ ಬಗ್ಗೆ ಅಲ್ವಾ ಮಾತು? ನಾವು ಮಾಸ್ಕ್ ಹಾಕಿಕೊಳ್ಳಬೇಕಾ?" ಅಂತ ಕೇಳಿದರು. ಅಲ್ಲಿಂದಲೇ ಶುರು ಮಾಡುತ್ತೇನೆ. 2009ರಲ್ಲಿ ಬಂದ ಎಚ್1ಎನ್1 ಫ್ಲೂವನ್ನು ನಾವೆಲ್ಲ ಹಂದಿ ಜ್ವರ ಅಂದೆವು. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿತ್ತು. ಇವತ್ತು ನಾನು ಹೇಳುವುದು ಆಫ್ರಿಕನ್ ಹಂದಿ ಜ್ವರದ ಬಗ್ಗೆ. ಮಲಯಾಳದಲ್ಲಿ ಪನ್ನಿಪ್ಪನಿ ಅನ್ನುತ್ತಾರೆ. ಹೆಸರು ಒಂದೇ ತರ ಕೇಳುತ್ತದೆ, ಆದರೆ ರೋಗವೂ ಬೇರೆ, ವೈರಸ್ಸೂ ಬೇರೆ. ಇದು ಮನುಷ್ಯರಿಗೆ ಬರುವುದಿಲ್ಲ. ದನ, ಆಡು, ನಾಯಿ, ಕೋಳಿ ಯಾವುದಕ್ಕೂ ಬರುವುದಿಲ್ಲ. ಊರ ಹಂದಿಗೆ ಬರುತ್ತದೆ, ಕಾಡುಹಂದಿಗೆ ಬರುತ್ತದೆ. ಅಷ್ಟೇ. ಮಾಸ್ಕ್ ಬೇಡ.

ಇಷ್ಟು ಹೇಳಿದ ಕೂಡಲೇ "ಹಾಗಾದರೆ ನಮಗೇನು" ಅಂತ ಅನಿಸಬಹುದು. ಹಂದಿ ಸಾಕದವರಿಗೆ ಹಾಗೆ ಅನಿಸುವುದು ಸಹಜ. ಆದರೆ ಬ್ಯಾಂಕಿನ ಸಾಲ ತೆಗೆದು 80 ಹಂದಿ ಕಟ್ಟಿದವನ ಮನೆಯಲ್ಲಿ ಮೂರು ವಾರದೊಳಗೆ ಒಂದೂ ಉಳಿಯದೆ ಹೋಗುವುದನ್ನು ನೋಡಿದರೆ ಆ ಮಾತು ಬಾಯಿಗೆ ಬರುವುದಿಲ್ಲ. ಜ್ವರ 41, 42 ಡಿಗ್ರಿಗೆ ಏರುತ್ತದೆ. ಹಂದಿ ಮೇವು ಬಿಡುತ್ತದೆ, ಒಂದರ ಮೇಲೊಂದು ಒತ್ತಿಕೊಂಡು ಮಲಗುತ್ತದೆ. ಕಿವಿ, ಹೊಟ್ಟೆ, ಕಾಲಿನ ಚರ್ಮ ಕೆಂಪಾಗಿ ಆಮೇಲೆ ನೀಲಿಗಟ್ಟುತ್ತದೆ. ಕೆಲವು ರಕ್ತಭೇದಿ ಮಾಡುತ್ತವೆ. ಗಬ್ಬದ ಹಂದಿ ಕಂದು ಹಾಕುತ್ತದೆ. ಕೆಲವು ಏನನ್ನೂ ತೋರಿಸದೆ ರಾತ್ರೋರಾತ್ರಿ ಸಾಯುತ್ತವೆ. ನಮ್ಮಲ್ಲಿ ಬಂದಿರುವ ಈ ಜಾತಿಯ ವೈರಸ್ಸಿನಲ್ಲಿ ಸಾವು ಹೆಚ್ಚುಕಡಿಮೆ ನೂರಕ್ಕೆ ನೂರು. ಮದ್ದಿಲ್ಲ. ವಿಯೆಟ್ನಾಂ ದೇಶ ಒಂದೆರಡು ಲಸಿಕೆಗೆ ಒಪ್ಪಿಗೆ ಕೊಟ್ಟಿದೆ, ಆದರೆ ಅದನ್ನು ನಂಬಿಕೊಂಡು ನಾವು ಇಲ್ಲಿ ಕೂರುವ ಹಾಗಿಲ್ಲ.

ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡಿರುವುದು ರೋಗದ ಲಕ್ಷಣ ಅಲ್ಲ. ಅದು ಯಾವ ದಾರಿಯಲ್ಲಿ ಬಂತು, ಇಲ್ಲಿಂದ ಎಲ್ಲಿಗೆ ಹೋಯಿತು ಅಂತ ಹುಡುಕುವ ಕೆಲಸದ ಬಗ್ಗೆ.

2023ರ ಜನವರಿಯಲ್ಲಿ ನಮ್ಮ ಎಣ್ಮಕಜೆ ಪಂಚಾಯತಿನ ಕಾಟುಕುಕ್ಕೆಯ ಒಂದು ಫಾರ್ಮಿನಲ್ಲಿ ಈ ರೋಗ ಪತ್ತೆಯಾಯಿತು. ನಿಮಗೆಲ್ಲ ನೆನಪಿರಬಹುದು. ಇಂಥ ಸಮಯದಲ್ಲಿ ಸರಕಾರದ ನಿಯಮ ಏನು ಅಂದರೆ, ರೋಗ ಬಂದ ಜಾಗದ ಸುತ್ತ 1 ಕಿಲೋಮೀಟರ್ ರೋಗಪೀಡಿತ ಪ್ರದೇಶ. ಅದರೊಳಗಿನ ಎಲ್ಲಾ ಹಂದಿಗಳನ್ನೂ ಕೊಂದು ಹೂಳಬೇಕು. ಸುತ್ತ 10 ಕಿಲೋಮೀಟರ್ ನಿಗಾ ಪ್ರದೇಶ. ಅಲ್ಲಿಂದ ಹಂದಿ, ಮಾಂಸ, ಮೇವು ಯಾವುದೂ ಹೊರಗೆ ಹೋಗಬಾರದು, ಒಳಗೆ ಬರಬಾರದು.

ಮನೆಗೆ ಹೋದ ಮೇಲೆ ಮೊಬೈಲಿನ ಮ್ಯಾಪ್ ತೆರೆದು ಕಾಟುಕುಕ್ಕೆಯ ಮೇಲೆ ಬೆರಳಿಡಿ. ಸುತ್ತ 10 ಕಿಲೋಮೀಟರಿನ ವೃತ್ತ ಎಳೆದು ನೋಡಿ. 314 ಚದರ ಕಿಲೋಮೀಟರ್ ಆಗುತ್ತದೆ. ಅದರ ಒಂದು ದೊಡ್ಡ ತುಂಡು ಗಡಿಯ ಆಚೆ, ಕರ್ನಾಟಕದ ಪುತ್ತೂರು ತಾಲೂಕಿಗೆ ಬೀಳುತ್ತದೆ. ಪಾಣಾಜೆ ಕಡೆಗೆ. ಮ್ಯಾಪಿನಲ್ಲಿ ಅಲ್ಲೊಂದು ಗೆರೆ ಕಾಣುತ್ತದೆ. ನೆಲದ ಮೇಲೆ ಅಲ್ಲಿರುವುದು ಅಡಿಕೆ ತೋಟ, ರಬ್ಬರ್, ಒಂದು ತೋಡು, ಒಂದು ಸಂಕ. ಈಚೆ ಮನೆಯ ಮಗಳನ್ನು ಆಚೆ ಕೊಟ್ಟಿರುತ್ತಾರೆ. ಆಚೆಯವರು ಈಚೆ ಪೇಟೆಗೆ ಬರುತ್ತಾರೆ. ಹಂದಿಮರಿ ತರುವವನೂ ಹಾಗೆಯೇ. ಅವನಿಗೆ ತಲಪಾಡಿಯ ಚೆಕ್‌ಪೋಸ್ಟೇ ಆಗಬೇಕು ಅಂತೇನೂ ಇಲ್ಲ. ಪೆರ್ಲದಿಂದ ಆಚೆ ಹೋಗಲು ಎಷ್ಟು ಒಳದಾರಿ ಉಂಟು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಚೆಯ ಕಾಗದ ಮಲಯಾಳದಲ್ಲಿ, ಆಚೆಯ ಕಾಗದ ಕನ್ನಡದಲ್ಲಿ. ಹಂದಿ ಸಾಕುವವರು ಮಾತಾಡುವುದು ತುಳುವಿನಲ್ಲೋ ಕೊಂಕಣಿಯಲ್ಲೋ. "ಪಂಜಿ ಸೈತ್ಂಡ್ ಡಾಕ್ಟ್ರೇ" (ಹಂದಿ ಸತ್ತಿತು ಡಾಕ್ಟ್ರೇ) ಅಂತ ತುಳುವಿನಲ್ಲಿ ಒಬ್ಬರು ಫೋನಿನಲ್ಲಿ ಹೇಳಿದ ಒಂದು ಮಾತು ಮೂರು ಭಾಷೆ ದಾಟಿ ಕಡತಕ್ಕೆ ಹೋಗಬೇಕು. ದಾಟುವಾಗ ತಾರೀಕು ತಪ್ಪುತ್ತದೆ, ಮನೆಯ ಹೆಸರು ತಪ್ಪುತ್ತದೆ. ರೋಗ ಹುಡುಕುವ ಕೆಲಸದಲ್ಲಿ ಈ ಎರಡು ತಪ್ಪಿದರೆ ಉಳಿಯುವುದು ಜಾಸ್ತಿ ಏನೂ ಇಲ್ಲ. ಗಡಿಯ ಈಚೆಯ ಮೃಗಾಸ್ಪತ್ರೆಯ ಡಾಕ್ಟರಿಗೆ ಆಚೆಯ ಡಾಕ್ಟರ ಮೊಬೈಲ್ ನಂಬರ್ ಬಾಯಿಪಾಠ ಇರಬೇಕು ಅಂತ ನಾನು ಹೊಸಬರಿಗೆ ಯಾವಾಗಲೂ ಹೇಳುತ್ತೇನೆ. ಮೇಲಿಂದ ಪತ್ರ ಬರುವವರೆಗೆ ಕಾಯಬಾರದು.

ಈಗ ವೈರಸ್ಸಿನ ಪ್ರಯಾಣ ನೋಡೋಣ. ಇದನ್ನು ಮೊದಲು ಬರೆದಿಟ್ಟದ್ದು ಕೀನ್ಯಾದಲ್ಲಿ, 1921ರಲ್ಲಿ. ಅಲ್ಲಿನ ಕಾಡಿನ ವಾರ್ಟ್‌ಹಾಗ್ ಎಂಬ ಹಂದಿಗಳಲ್ಲೂ, ಅವುಗಳ ಬಿಲದ ಒಂದು ಜಾತಿಯ ಉಣ್ಣಿಯಲ್ಲೂ ಇದು ಇರುತ್ತದೆ. ವಾರ್ಟ್‌ಹಾಗ್‌ಗೆ ಏನೂ ಆಗುವುದಿಲ್ಲ. ಊರ ಹಂದಿಗೆ ತಗುಲಿದರೆ ಸಾವು. 2007ರಲ್ಲಿ ಇದು ಕಪ್ಪು ಸಮುದ್ರದ ದಡದ ಜಾರ್ಜಿಯಾ ದೇಶಕ್ಕೆ ಬಂತು. ಪೋತಿ ಅಂತ ಅಲ್ಲಿ ಒಂದು ಬಂದರು. ಹಡಗಿನ ಅಡುಗೆಮನೆಯ ಉಳಿಕೆ ದಡದ ಹಂದಿಗಳ ಬಾಯಿಗೆ ಸಿಕ್ಕಿರಬೇಕು ಅಂತ ತಜ್ಞರ ಅಂದಾಜು. ವೈರಸ್ಸಿನ ವಂಶವಾಹಿ ಓದಿ ನೋಡಿದಾಗ ಅದು ಮೊಜಾಂಬಿಕ್, ಮಡಗಾಸ್ಕರ್, ಜಾಂಬಿಯಾ ಕಡೆಯ ವೈರಸ್ಸಿಗೆ ತೀರಾ ಹತ್ತಿರದ್ದು ಅಂತ ಗೊತ್ತಾಯಿತು. ಒಂದು ಬಂದರಿನ ಮುಸುರೆಯಿಂದ ಹೊರಟದ್ದು ಅಲ್ಲಿಂದ ರಷ್ಯಾಕ್ಕೆ ಹೋಯಿತು. 2014ರಲ್ಲಿ ಪೋಲೆಂಡ್ ಮತ್ತು ಅದರ ಅಕ್ಕಪಕ್ಕದ ದೇಶಗಳು. 2018ರ ಆಗಸ್ಟ್‌ನಲ್ಲಿ ಚೀನಾ. ಮುಂದಿನ ವರ್ಷ ಚೀನಾದ ಹಂದಿಗಳಲ್ಲಿ ಸುಮಾರು 40 ಶೇಕಡಾ ಇಲ್ಲವಾದವು. 2020ರಲ್ಲಿ ಅರುಣಾಚಲ, ಅಸ್ಸಾಂ. 2021ರಲ್ಲಿ ಮಿಜೋರಾಂ ಒಂದರಲ್ಲೇ 30 ಸಾವಿರಕ್ಕಿಂತ ಜಾಸ್ತಿ ಹಂದಿ ಸತ್ತವು. 2022ರ ಜುಲೈಯಲ್ಲಿ ವಯನಾಡಿನ ಮಾನಂದವಾಡಿ. ಆಮೇಲೆ ಕಣ್ಣೂರು. ಆಮೇಲೆ ನಾವು.

ಈ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಒಂದು ಉಂಟು. ಇದು ಗಾಳಿಯಲ್ಲಿ ದೂರ ಹೋಗುವ ರೋಗ ಅಲ್ಲ. ಒಂದು ಗೂಡಿನಿಂದ ಪಕ್ಕದ ಗೂಡಿಗೆ ಹೋಗಲಿಕ್ಕೂ ಕೆಲವೊಮ್ಮೆ ವಾರ ಹಿಡಿಯುತ್ತದೆ. ಮೂಗಿಗೆ ಮೂಗು ತಾಗಬೇಕು, ರಕ್ತವೋ ಮಲವೋ ತಾಗಬೇಕು. ಇಷ್ಟು ನಿಧಾನದ ರೋಗ ಸಾವಿರಾರು ಕಿಲೋಮೀಟರ್ ಹಾರಿದೆ ಅಂದರೆ ಯಾರೋ ಅದನ್ನು ಹೊತ್ತುಕೊಂಡು ಹೋಗಿದ್ದಾರೆ. ಲಾರಿಯಲ್ಲಿ, ಬೂಟಿನಲ್ಲಿ, ಮಾಂಸದ ಪೊಟ್ಟಣದಲ್ಲಿ. ಫ್ರೀಜರಿನ ಮಾಂಸದಲ್ಲಿ ಈ ವೈರಸ್ ತಿಂಗಳುಗಟ್ಟಲೆ, ಅದಕ್ಕಿಂತಲೂ ಜಾಸ್ತಿ ಜೀವ ಹಿಡಿದುಕೊಂಡಿರುತ್ತದೆ. ಒಣಗಿಸಿದ ಮಾಂಸದಲ್ಲೂ ಇರುತ್ತದೆ. ಬೆಂಕಿಗೆ ಮಾತ್ರ ಸೋಲುತ್ತದೆ. 60 ಡಿಗ್ರಿಯಲ್ಲಿ 20 ನಿಮಿಷ ಇದ್ದರೆ ಸಾಯುತ್ತದೆ. ಹಾಗಾಗಿ ಹೋಟೆಲಿನಿಂದ ತಂದ ಮುಸುರೆಯನ್ನು ಕಲಕುತ್ತಾ ಅರ್ಧ ಗಂಟೆ ಕುದಿಸಿ ಕೊಟ್ಟರೆ ಭಯ ಇಲ್ಲ. ಕುದಿಸಲು ಸೌದೆ ಬೇಕು, ದೊಡ್ಡ ಹಂಡೆ ಬೇಕು, ಒಬ್ಬ ಆಳು ಬೇಕು. ಅದಕ್ಕೇ ಯಾರೂ ಕುದಿಸುವುದಿಲ್ಲ. ನಾನು ಬೈಯುತ್ತಿಲ್ಲ. ದಿನಕ್ಕೆ ಎರಡು ಡ್ರಮ್ ಮುಸುರೆ ಕುದಿಸುವ ಕಷ್ಟ ಎಷ್ಟು ಅಂತ ನನಗೆ ಗೊತ್ತು.

ಹುಡುಕುವ ಕೆಲಸ ಒಂದು ನೋಟ್‌ಬುಕ್ಕಿನಿಂದ ಶುರುವಾಗುತ್ತದೆ. ಮೊದಲು ಕೇಳುವುದು, ಮೊದಲ ಹಂದಿ ಸತ್ತದ್ದು ಯಾವತ್ತು? ಫೋನ್ ಮಾಡಿದವರು ಸಾಮಾನ್ಯವಾಗಿ "ಮೊನ್ನೆ" ಅನ್ನುತ್ತಾರೆ. ಚಹಾ ಕುಡಿಯುತ್ತಾ ಇನ್ನಷ್ಟು ಹೊತ್ತು ಮಾತಾಡಿದರೆ, "ಅದಕ್ಕಿಂತ ಹತ್ತು ದಿನ ಮೊದಲು ಒಂದು ಸತ್ತಿತ್ತು, ಅದು ಬಿಸಿಲಿಗೆ ಅಂತ ಅಂದುಕೊಂಡೆವು" ಅನ್ನುತ್ತಾರೆ. ಅದೇ ಮೊದಲನೆಯದು. ರೋಗ ನಿಧಾನವಾಗಿ ಹೊಕ್ಕುವುದರಿಂದ ಮೊದಲ ಸಾವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ದಿನದಿಂದ ಹಿಂದಕ್ಕೆ ಎಣಿಸಬೇಕು. ಲೋಕದ ಪ್ರಾಣಿ ಆರೋಗ್ಯ ಸಂಸ್ಥೆ ಈ ರೋಗಕ್ಕೆ ಹಿಡಿದಿರುವ ಲೆಕ್ಕ 15 ದಿನ. ವೈರಸ್ ಒಳಗೆ ಹೋಗಿ ಲಕ್ಷಣ ಕಾಣಲು ಅಷ್ಟು ಸಮಯ ಬೇಕಾಗಬಹುದು. ಅಂದರೆ ಫೋನ್ ಬರುವ ಹೊತ್ತಿಗೆ ರೋಗ ಆ ಮನೆಯಲ್ಲಿ ಮೂರು, ನಾಲ್ಕು ವಾರ ಕೂತು ಆಗಿರುತ್ತದೆ.

ಆ ಮೂರು ನಾಲ್ಕು ವಾರದಲ್ಲಿ ಏನೇನು ಒಳಗೆ ಬಂತು? ಹೊಸ ಮರಿ ತಂದಿರಾ, ಎಲ್ಲಿಂದ? ಗಬ್ಬ ಕಟ್ಟಿಸಲು ಯಾರದ್ದಾದರೂ ಗಂಡು ಹಂದಿ ತಂದಿರಾ? ಮುಸುರೆ ಯಾವ ಹೋಟೆಲಿನದ್ದು, ಯಾವ ಪಿಕಪ್‌ನಲ್ಲಿ ಬರುತ್ತದೆ? ಆ ಪಿಕಪ್ ನಿಮ್ಮಲ್ಲಿಗೆ ಬರುವ ಮೊದಲು ಬೇರೆ ಯಾರ ಮನೆಗೆ ಹೋಗುತ್ತದೆ? ಕಡಿಯುವವನು ಬಂದನಾ, ಅವನ ಕತ್ತಿ ಯಾರದ್ದು? ತೂಕದ ಗಾಡಿ ಬಂತಾ? ಕೆಲಸದ ಹುಡುಗರು ರಜೆಗೆ ಊರಿಗೆ ಹೋಗಿ ಬಂದರಾ, ಬರುವಾಗ ಮಾಂಸ ತಂದರಾ? ಮನೆಯಲ್ಲಿ ಮದುವೆ ಇತ್ತಾ? ಕ್ರಿಸ್‌ಮಸ್ಸಿಗೆ, ಮದುವೆಗೆ ದುಕ್ರಾ ಮಾಸ್ (ಹಂದಿ ಮಾಂಸದ ಅಡುಗೆ) ಮಾಡಲು ಬೇರೆ ಕಡೆಯಿಂದ ಮಾಂಸ ತಂದಿದ್ದರೆ, ತೊಳೆದ ನೀರು ಎಲ್ಲಿ ಚೆಲ್ಲಿದಿರಿ? ಹಂದಿಗೆ ಕೊಡುವ ಅಕ್ಕಚ್ಚಿನ ಬಕೆಟಿಗೆ ಏನಾದರೂ ಬಿತ್ತಾ? ಈ ಕೊನೆಯ ಪ್ರಶ್ನೆ ಗಂಡಸರಿಗೆ ಕೇಳಿ ಪ್ರಯೋಜನ ಇಲ್ಲ. ಅಡುಗೆಮನೆಯಲ್ಲಿರುವ ಅಕ್ಕನನ್ನೋ ಅಜ್ಜಿಯನ್ನೋ ಕೇಳಬೇಕು. ಅವರಿಗೆ ಎಲ್ಲ ನೆನಪಿರುತ್ತದೆ. ಇದೇ ಪ್ರಶ್ನೆಗಳನ್ನು ಆಮೇಲೆ ಮುಂದಕ್ಕೂ ಕೇಳಬೇಕು. ಇಲ್ಲಿಂದ ಏನು ಹೊರಗೆ ಹೋಯಿತು, ಯಾರಿಗೆ ಮಾರಿದಿರಿ, ಗೊಬ್ಬರ ಯಾವ ತೋಟಕ್ಕೆ ಹೋಯಿತು.

ಈ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ನಾನು ಬರೆಯುವುದು ಡಾಕ್ಟರ ಹೆಸರು. ಅದಕ್ಕೆ ಕಾರಣ ಉಂಟು.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳ ಮಾತು. ಆಗ ಇದ್ದದ್ದು ಇನ್ನೊಂದು ರೋಗ, ಕ್ಲಾಸಿಕಲ್ ಹಂದಿ ಜ್ವರ. ಅದರ ವೈರಸ್ ಬೇರೆ, ಅದಕ್ಕೆ ಲಸಿಕೆ ಇದೆ. ಒಂದು ಬೆಳಗ್ಗೆ ಐದು ಮನೆಗೆ ಲಸಿಕೆ ಹಾಕಲು ಹೊರಟೆ. ಮೂರನೆಯ ಮನೆಯಲ್ಲಿ ಒಂದು ಹೆಣ್ಣು ಹಂದಿ ಮೇವು ಬಿಟ್ಟು ಮೂಲೆಯಲ್ಲಿ ಮಲಗಿತ್ತು. ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ಅದೇ ಬೂಟು, ಅದೇ ಸೂಜಿಯಲ್ಲಿ ನಾಲ್ಕನೆಯ ಮನೆಗೆ ಹೋದೆ, ಐದನೆಯ ಮನೆಗೂ ಹೋದೆ. ಹತ್ತು ದಿನದ ಒಳಗೆ ಆ ಮೂರೂ ಮನೆಗಳಲ್ಲಿ ಹಂದಿ ಸಾಯತೊಡಗಿದವು. ಮೊದಲನೆಯ, ಎರಡನೆಯ ಮನೆಯಲ್ಲಿ ಒಂದೂ ಸಾಯಲಿಲ್ಲ. ನಾನು ಹೋದ ದಾರಿಯಲ್ಲೇ ಸಾವು ಹೋಗಿತ್ತು. ಐದನೆಯ ಮನೆಯ ಅಕ್ಕ ನನ್ನನ್ನು ನೋಡಿ, "ನೀವು ಬಂದು ಹೋದ ಮೇಲೆ ಶುರುವಾದದ್ದು ಡಾಕ್ಟ್ರೇ" ಅಂದರು. ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಒಂದು ವಿಷಯ ನೆನಪು ಮಾಡಿ ಹೇಳಿದ ಹಾಗೆ ಹೇಳಿದರು. ಆ ಮನೆಯಲ್ಲಿ ಏಳು ಹಂದಿ ಇದ್ದವು. ಇವತ್ತಿಗೂ ಆ ಅಂಗಳದ ದಾರಿಯಲ್ಲಿ ಹೋಗುವಾಗ ನನಗೆ ಅದು ನೆನಪಾಗುತ್ತದೆ.

ಅಲ್ಲಿಂದ ಮುಂದೆ ನಾನು ಒಂದೇ ದಿನ ಎರಡು ಗೂಡಿಗೆ ಹೋಗಿಲ್ಲ. ಹೋಗಲೇಬೇಕಾಗಿ ಬಂದರೆ ಬೂಟು ಬದಲಾಯಿಸಿದ್ದೇನೆ, ಹಂದಿಗೊಂದು ಸೂಜಿ ಬಳಸಿದ್ದೇನೆ. ಮತ್ತೆ, ಯಾರ ಮನೆಯಲ್ಲೂ "ನೀವೇ ತಂದಿರಿ" ಅನ್ನುವ ದನಿಯಲ್ಲಿ ಪ್ರಶ್ನೆ ಕೇಳಿಲ್ಲ.

"ಈಗ ವಂಶವಾಹಿ ಓದುವ ಮೆಷಿನ್ ಉಂಟಲ್ಲ, ಅದೇ ಹೇಳುವುದಿಲ್ವಾ ಎಲ್ಲಿಂದ ಬಂತು ಅಂತ?" ಅಂತ ಕಾಲೇಜಿನ ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಸ್ವಲ್ಪ ಮಟ್ಟಿಗೆ ಹೇಳುತ್ತದೆ. ಸತ್ತ ಹಂದಿಯ ಗುಲ್ಮ, ರಕ್ತ, ದುಗ್ಧ ಗ್ರಂಥಿಯ ತುಂಡುಗಳನ್ನು ಐಸಿನಲ್ಲಿಟ್ಟು ಭೋಪಾಲಿನ ಹೈ ಸೆಕ್ಯುರಿಟಿ ಪ್ರಾಣಿರೋಗ ಸಂಸ್ಥೆಗೆ ಕಳುಹಿಸುತ್ತಾರೆ. ನಮ್ಮ ದೇಶದಲ್ಲಿ ಈ ರೋಗ ಹೌದು ಅಂತ ಖಚಿತ ಮಾಡುತ್ತಾ ಬಂದಿರುವುದು ಅವರು. ಪಿಸಿಆರ್ ಪರೀಕ್ಷೆಯಲ್ಲಿ ಹೌದೋ ಅಲ್ಲವೋ ಗೊತ್ತಾಗುತ್ತದೆ. ವಂಶವಾಹಿ ಓದಿದರೆ ಯಾವ ಬಳಗದ್ದು ಅಂತಲೂ ಗೊತ್ತಾಗುತ್ತದೆ. ಭಾರತಕ್ಕೆ ಬಂದದ್ದು ಜಾರ್ಜಿಯಾಕ್ಕೆ ಬಂದ ಬಳಗದ್ದೇ, ತಜ್ಞರು ಅದನ್ನು ಎರಡನೆಯ ಬಳಗ ಅನ್ನುತ್ತಾರೆ.

ಆದರೆ ತೊಡಕು ಇಲ್ಲಿದೆ. ಕೊರೋನಾ ವೈರಸ್ಸಿನ ವಂಶವಾಹಿ ಸುಮಾರು 30 ಸಾವಿರ ಅಕ್ಷರದ್ದು. ಅದು ಬೇಗ ಬೇಗ ಬದಲಾಗುತ್ತಿತ್ತು. ಹಾಗಾಗಿ ಯಾರಿಂದ ಯಾರಿಗೆ ಹೋಯಿತು ಅಂತ ಅಕ್ಷರ ನೋಡಿ ಹೇಳಬಹುದಿತ್ತು. ಹಂದಿ ಜ್ವರದ ವೈರಸ್ ಬಹಳ ದೊಡ್ಡದು, 1 ಲಕ್ಷ 70 ಸಾವಿರದಿಂದ 1 ಲಕ್ಷ 90 ಸಾವಿರ ಅಕ್ಷರ. ಅದು ಡಿಎನ್‌ಎ ವೈರಸ್, ಬದಲಾಗುವುದು ತೀರಾ ನಿಧಾನ. ಈ ಗೂಡಿನದ್ದು, ಮೂರು ಮೈಲಿ ಆಚೆಯ ಗೂಡಿನದ್ದು ಅಕ್ಷರಕ್ಕೆ ಅಕ್ಷರ ಒಂದೇ ಇರಬಹುದು. ಖಂಡದಿಂದ ಖಂಡಕ್ಕೆ ಹೋದ ದಾರಿಯನ್ನು ಮೆಷಿನ್ ತೋರಿಸುತ್ತದೆ. ಎಣ್ಮಕಜೆಯಿಂದ ಪಾಣಾಜೆಗೆ ಹೋದ ದಾರಿ ತೋರಿಸಲು ಅದಕ್ಕೆ ಆಗುವುದಿಲ್ಲ. ಅದನ್ನು ಮನುಷ್ಯರೇ ಹೇಳಬೇಕು.

ಮನುಷ್ಯರ ಮಾತಿಗೆ ಎಷ್ಟು ಬೆಲೆ ಅನ್ನುವುದಕ್ಕೆ ಮಲೇಷ್ಯಾದ ಒಂದು ಘಟನೆ ಹೇಳುತ್ತೇನೆ. 1998ರ ಕೊನೆಗೆ ಇಪೋ ಎಂಬ ಊರಿನ ಸುತ್ತ ಹಂದಿ ಸಾಕುವವರಿಗೆ ಮೆದುಳು ಜ್ವರ ಬಂತು. ಸೊಳ್ಳೆಯಿಂದ ಬರುವ ಜಪಾನೀಸ್ ಮೆದುಳು ಜ್ವರ ಅಂತ ಅಲ್ಲಿಯವರು ತಿಳಿದರು. ಲಸಿಕೆ ಹಾಕಿದರು, ಹೊಗೆ ಹೊಡೆದರು. ಆದರೂ ಜನ ಸಾಯುತ್ತಲೇ ಇದ್ದರು. ರೋಗ ಬಂದವರು ಯಾರು ಅಂತ ನೋಡಿದರೆ ಹೆಚ್ಚಿನವರು ಹಂದಿ ಮುಟ್ಟಿ ಕೆಲಸ ಮಾಡುವ ದೊಡ್ಡ ಗಂಡಸರು. ಮಕ್ಕಳು ಕಡಿಮೆ. ಲಸಿಕೆ ತೆಗೆದುಕೊಂಡವರೂ ಇದ್ದರು. ಸೊಳ್ಳೆ ಮಕ್ಕಳನ್ನು ಬಿಟ್ಟು ದೊಡ್ಡವರನ್ನು ಮಾತ್ರ ಕಚ್ಚುತ್ತದಾ? 1999ರಲ್ಲಿ ಅಲ್ಲಿ ಹೊಸ ವೈರಸ್ ಸಿಕ್ಕಿತು. ಅದೇ ನಿಫಾ. ಹಣ್ಣಿನ ಬಾವಲಿಯಿಂದ ಹಂದಿಗೆ, ಹಂದಿಯಿಂದ ಮನುಷ್ಯರಿಗೆ. ಹಂದಿ ಮಾರಾಟದ ಲಾರಿ ಹೋದ ಕಡೆಗೆಲ್ಲ ಅದೂ ಹೋಗಿತ್ತು. ಸಿಂಗಾಪುರದ ಕಸಾಯಿಖಾನೆಯ ಕೆಲಸದವರಿಗೂ ತಗುಲಿತು. ಮಲೇಷ್ಯಾದಲ್ಲಿ 105 ಜನ ಸತ್ತರು. 10 ಲಕ್ಷಕ್ಕೂ ಜಾಸ್ತಿ ಹಂದಿಗಳನ್ನು ಕೊಂದರು. ಆಫ್ರಿಕನ್ ಹಂದಿ ಜ್ವರ ಹಾಗಲ್ಲ, ಮನುಷ್ಯರಿಗೆ ಬರುವುದಿಲ್ಲ ಅಂತ ಆಗಲೇ ಹೇಳಿದೆ. ಆದರೆ ನಮ್ಮ ಕೇರಳದಲ್ಲಿ 2018ರಿಂದ ನಿಫಾದ ಭಯ ಉಂಟು, ಬಾವಲಿಗಳೂ ಉಂಟು. ಹಂದಿ ಸತ್ತಾಗ ಯಾಕೆ ಸತ್ತಿತು ಅಂತ ಕೇಳುವ ಅಭ್ಯಾಸ ಇರುವ ಊರಿಗೆ ಯಾವ ರೋಗ ಬಂದರೂ ಬೇಗ ಗೊತ್ತಾಗುತ್ತದೆ.

ಎಣ್ಮಕಜೆಯವರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಹೊಡೆಯುತ್ತಿದ್ದ ಕಾಲದಲ್ಲಿ, ಕೈಕಾಲು ಸೊಟ್ಟಗಿನ ಕರು ಹುಟ್ಟಿದ್ದನ್ನು ಮೊದಲು ನೋಡಿ ಹೇಳಿದ್ದು ಪಡ್ರೆ ಕಡೆಯ ಊರಿನವರೇ. ಮನೆಮನೆಯ ಕಾಯಿಲೆ ಬರೆದಿಟ್ಟದ್ದು ಇಲ್ಲಿಯ ಡಾಕ್ಟರೇ. ದೊಡ್ಡ ಸಮಿತಿಗಳು ಬಂದದ್ದು ಎಷ್ಟೋ ವರ್ಷದ ಮೇಲೆ.

ಈಗ ದುಡ್ಡಿನ ಮಾತು. ಇದನ್ನು ಬಿಟ್ಟು ರೋಗ ಹುಡುಕುವ ಮಾತಾಡುವುದು ಸುಮ್ನೆ. 2022ರಲ್ಲಿ ಕೇರಳದಲ್ಲಿ ಕೊಟ್ಟ ಪರಿಹಾರದ ದರ ಹೀಗಿತ್ತು: 15 ಕೆಜಿ ಒಳಗಿನ ಮರಿಗೆ 2,200 ರೂಪಾಯಿ, 100 ಕೆಜಿ ದಾಟಿದ ಹಂದಿಗೆ 15,000 ರೂಪಾಯಿ. ಕೇಂದ್ರ, ರಾಜ್ಯ ಅರ್ಧರ್ಧ. ಆದರೆ ಇದು ಸರಕಾರ ಕೊಂದ ಹಂದಿಗೆ. ರೋಗದಿಂದ ಮೊದಲೇ ಸತ್ತದ್ದಕ್ಕೆ ಇಲ್ಲ. ಈ ನಿಯಮದ ಹಿಂದೆ ಒಂದು ಯೋಚನೆ ಇದೆ, ಬೇಗ ಹೇಳಿದವನಿಗೆ ಜಾಸ್ತಿ ಸಿಗಲಿ ಅಂತ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ರೈತ ಮೊದಲ ದಿನವೇ ಫೋನ್ ಮಾಡಿದ ಅಂತ ಇಟ್ಟುಕೊಳ್ಳಿ. ಸ್ಯಾಂಪಲ್ ಭೋಪಾಲಿಗೆ ಹೋಗಬೇಕು, ವರದಿ ಬರಬೇಕು, ಜಿಲ್ಲಾಧಿಕಾರಿಗಳ ಆದೇಶ ಆಗಬೇಕು. ಅಷ್ಟರಲ್ಲಿ ಗೂಡಿನ ಅರ್ಧ ಸತ್ತಿರುತ್ತದೆ. ಅವನು ತಡ ಮಾಡಲಿಲ್ಲ, ಆದರೂ ನಷ್ಟ ಅವನದ್ದೇ. ಫೋನ್ ಮಾಡಿದ ದಿನ ಗೂಡಿನಲ್ಲಿ ಎಷ್ಟು ಜೀವಂತ ಇತ್ತೋ ಅಷ್ಟಕ್ಕೂ ಪರಿಹಾರ ಸಿಗಬೇಕು. ಇದನ್ನು ನಾನು ಎಲ್ಲಾ ಸಭೆಯಲ್ಲೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಯಾಕೆಂದರೆ ಇದಿಲ್ಲದಿದ್ದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಎರಡು ಸತ್ತ ಕೂಡಲೇ ಉಳಿದದ್ದನ್ನು ರಾತ್ರಿ ಅರ್ಧ ಬೆಲೆಗೆ ಮಾರಿಬಿಡುತ್ತಾರೆ. ಅವನ್ನು ತೆಗೆದುಕೊಂಡು ಹೋದ ಪಿಕಪ್‌ನಲ್ಲೇ ರೋಗವೂ ಹೋಗುತ್ತದೆ. ಸತ್ತದ್ದನ್ನು ಗೋಣಿಯಲ್ಲಿ ಕಟ್ಟಿ ತೋಡಿಗೋ ಗುಡ್ಡಕ್ಕೋ ಎಸೆಯುತ್ತಾರೆ. ಗುಡ್ಡದಲ್ಲಿ ಅದನ್ನು ಮೂಸುವುದು ಯಾರು? ಕಾಡುಹಂದಿ.

ಹಂದಿ ರೂಪದ ದೈವ ಪಂಜುರ್ಲಿಗೆ ಕೈಮುಗಿಯುವ ನಾಡು ನಮ್ಮದು. ಅದೇ ಹೊತ್ತಿಗೆ ಮರಗೆಣಸು, ಬಾಳೆ ಹಾಳು ಮಾಡುವ ಹಂದಿಯ ಮೇಲೆ ಸಿಟ್ಟೂ ಉಂಟು. ಎರಡೂ ನಿಜ. ಕಾಡುಹಂದಿಗೆ ಈ ರೋಗ ಬಂದರೆ ಹುಡುಕುವುದು ಇನ್ನೂ ಕಷ್ಟ. 2023ರ ಜನವರಿಯಲ್ಲೇ ಮುದುಮಲೆಯ ಕಾಡಿನಲ್ಲಿ ಕಾಡುಹಂದಿಗಳು ಸಾಲು ಸಾಲಾಗಿ ಸತ್ತವು, ಅಲ್ಲೂ ಇದೇ ರೋಗ ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ಚೆಕ್ ದೇಶದ ಜ್ಲೀನ್ ಎಂಬಲ್ಲಿ 2017ರಲ್ಲಿ ಕಾಡುಹಂದಿಗಳಿಗೆ ಬಂತು. ಹತ್ತಿರದ ರೋಗದ ಜಾಗ ನೂರಾರು ಕಿಲೋಮೀಟರ್ ದೂರ ಇತ್ತು, ಅಂದರೆ ಅಲ್ಲಿಗೂ ತಂದದ್ದು ಮನುಷ್ಯರೇ. ಅವರು ಮಾಡಿದ್ದು ನೋಡಿ. ಮೊದಲು ಬೇಟೆ ನಿಲ್ಲಿಸಿದರು, ಬೇಲಿ ಹಾಕಿದರು. ನಾಯಿ ಬಿಟ್ಟು ಓಡಿಸಿದರೆ ರೋಗದ ಹಂದಿ ಹೊಸ ಕಾಡಿಗೆ ಓಡುತ್ತದೆ. ಆಮೇಲೆ ಸತ್ತ ಹಂದಿಗಳನ್ನು ಹುಡುಕಿ ಹುಡುಕಿ ತೆಗೆದರು. ಎರಡು ವರ್ಷದಲ್ಲಿ ರೋಗ ಹೋಯಿತು. ಅಡಿಕೆ ಹೆಕ್ಕಲು ಹೋದಾಗ, ಸೊಪ್ಪು ತರಲು ಹೋದಾಗ ಕಾಡುಹಂದಿಯ ಹೆಣ ಕಂಡರೆ ದಯವಿಟ್ಟು ಮುಟ್ಟಬೇಡಿ, ಕೊಯ್ಯಬೇಡಿ. ಒಂದು ಹನಿ ರಕ್ತ ಸಾಕು. ಜಾಗ ಗುರುತು ಮಾಡಿ ಅರಣ್ಯ ಇಲಾಖೆಗೋ ಮೃಗಾಸ್ಪತ್ರೆಗೋ ಹೇಳಿ. ಚಪ್ಪಲಿ ತೊಳೆಯದೆ ಗೂಡಿನ ಹತ್ತಿರ ಹೋಗಬೇಡಿ.

ಮಾತು ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಯುವಕ ಎದ್ದು ಕೇಳಿದ ಪ್ರಶ್ನೆಯನ್ನು ಇಲ್ಲಿ ಬರೆಯಲೇಬೇಕು. ಅವನಲ್ಲಿ 22 ಹಂದಿ ಇವೆ ಅಂತ ಹೇಳಿದ. "ಸಾರ್, ನಾನು ಫೋನ್ ಮಾಡಿದರೆ ನನ್ನದು ಹೋಗುತ್ತದೆ. ಸರಿ. ಒಂದು ಕಿಲೋಮೀಟರ್ ಒಳಗೆ ನಮ್ಮ ಬಾಬಣ್ಣನ ಗೂಡೂ ಉಂಟು. ಅವನದ್ದಕ್ಕೆ ರೋಗ ಇಲ್ಲದಿದ್ದರೂ ಕೊಲ್ಲುತ್ತಾರೆ. ಮಾರನೆ ದಿನ ನಾನು ಅವನ ಮುಖ ಹೇಗೆ ನೋಡಲಿ?"

ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ನಾನೂ ಕೂಡಲೇ ಉತ್ತರ ಕೊಡಲಿಲ್ಲ. ಆಮೇಲೆ ಹೇಳಿದೆ, "ಮೃಗಾಸ್ಪತ್ರೆಗೆ ಫೋನ್ ಮಾಡುವ ಮೊದಲು ಅವರಿಗೇ ಹೇಳು. ಇಲಾಖೆಯ ಜೀಪು ಬಂದು ನಿಂತಾಗ ಅವರಿಗೆ ಗೊತ್ತಾಗುವುದು ಬೇಡ. ನಿನ್ನ ಬಾಯಿಂದ ಗೊತ್ತಾಗಲಿ. ಅವರು ಬೈಯಬಹುದು, ಬೈಯಲಿ. ಆ ರಾತ್ರಿಯೇ ಅವರ ಗೂಡಿನ ಲೆಕ್ಕ, ತೂಕ ಬರೆದಿಡಲು ಹೇಳು, ಪರಿಹಾರಕ್ಕೆ ಬೇಕಾಗುತ್ತದೆ. ಆದರೆ ಅವರ ಮನೆಗೆ ನಡೆದುಕೊಂಡು ಹೋಗಬೇಡ. ಫೋನ್ ಮಾಡು."